ನಾನು ಕೈ ಹಾಕದ ಬೀರು

ಬೀರು ಇದ್ದದ್ದು ಮಂಡ್ಯದ ಗುತ್ತಲಿನಲ್ಲಿ, ನನ್ನ ಮಂಚದ ಪಕ್ಕ. ಅದರ ಬೀಗದ ಕೈ ಇದ್ದದ್ದು ಮಳವಳ್ಳಿಯಲ್ಲಿ, ನನ್ನ ನಾದಿನಿಯ ಹತ್ತಿರ. ಹೀಗೇ ಹದಿನಾಲ್ಕು ತಿಂಗಳು ನಡೆಯಿತು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನನ್ನ ಹೆಂಡತಿ ಆ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ, ನೋಡಲು ಬಂದಿದ್ದ ತಂಗಿಯ ಕೈಗೆ ಕೊಟ್ಟಳು. ಎರಡು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾನು ಕೂತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೆರಡನೆಯ ದಿನಕ್ಕೆ ಅವಳು ಹೋಗಿಯೇಬಿಟ್ಟಳು.

ಇಪ್ಪತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಗಂಡ ಕಣ್ಣೆದುರಿಗೇ ಇರುವಾಗ ಬೀಗದ ಕೈಯನ್ನು ತಂಗಿಗೆ ಯಾಕೆ ಕೊಟ್ಟಳು? ನನ್ನ ಮೇಲೆ ಅವಳಿಗೆ ಅಷ್ಟೂ ನಂಬಿಕೆ ಇರಲಿಲ್ಲವೇ? ಈ ಪ್ರಶ್ನೆ ನನ್ನನ್ನು ಹುರಿದು ಮುಕ್ಕಿತು. ಹೇಳಬೇಕಾದವಳು ಇರಲಿಲ್ಲ. ನಾದಿನಿಗೆ ಗೊತ್ತಿದ್ದೀತು, ಆದರೆ ಅವಳ ಮುಂದೆ ಹೋಗಿ ನಿಂತು ಕೇಳಲು ನನ್ನ ಜಂಬ ಬಿಡಬೇಕಲ್ಲ! ಅವಳು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಮಾತ್ರೆ ತಗಂಡ್ರಾ ಎಂದೆಲ್ಲ ವಿಚಾರಿಸಿ ಕೊನೆಗೆ, "ಏನಾರ ಕೇಳ್ಬೇಕಾ ಬಾವ?" ಅನ್ನುತ್ತಿದ್ದಳು. "ಏನೂ ಬೇಡ ಕಣಮ್ಮ, ಇಡು" ಅನ್ನುತ್ತಿದ್ದೆ. ಅವಳೂ ಇಡುತ್ತಿದ್ದಳು.

ಆ ಬೀರುವಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅದನ್ನು ಈಗ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನನಗೆ ಮದುವೆಯಾದಾಗ ಮೂವತ್ತು. ಮದ್ದೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಲೆಯ ತುಂಬ ಆದರ್ಶ. ವರದಕ್ಷಿಣೆ ಬೇಡ, ವಾಲಗ ಬೇಡ, ಛತ್ರ ಬೇಡ, ಎರಡು ಹಾರ ಸಾಕು ಎಂದು ಹಠ ಹಿಡಿದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದವನು ನಾನು. ಮೂರನೆಯ ದಿನ ಬೆಳಿಗ್ಗೆ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಅದರ ಮೇಲೆ ಹಗ್ಗ ಬಿಗಿದು, ಗೋಣಿಚೀಲ ಸುತ್ತಿ, ತಿಳಿ ಹಸಿರು ಬಣ್ಣದ ಒಂದು ಕಬ್ಬಿಣದ ಬೀರು. ಪಕ್ಕದಲ್ಲಿ ಮಾವ, ಹೆಗಲ ಮೇಲೆ ಹೊಸ ಟವೆಲ್ಲು, ಮುಖವೆಲ್ಲ ನಗು. ಆಗ ಹೈಸ್ಕೂಲಿನಲ್ಲಿದ್ದ ನಾದಿನಿಯೂ ಮುಂದಿನ ಸೀಟಿನಿಂದ ಇಳಿದಳು.

ನಾನು ಬೀದಿಗೇ ಇಳಿದೆ. "ಏನೂ ಬೇಡ ಅಂದಿದ್ದೆನೋ ಇಲ್ಲವೋ? ನನ್ನನ್ನ ಕೊಂಡುಕೊಳ್ಳೋಕೆ ಬಂದಿದ್ದೀರಾ? ತಗೊಂಡು ಹೋಗಿ ವಾಪಸ್ಸು!" ಎಂದು ಕೂಗಾಡಿದೆ. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಮಾವನ ನಗು ಮುಖದ ಮೇಲೆ ಹಾಗೇ ಇತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಎದುರು ಮನೆಯ ಹಿರಿಯರೊಬ್ಬರು ಮಧ್ಯೆ ಬಂದು, ಹೆಣ್ಣು ಕೊಟ್ಟವರು ಬಟ್ಟೆ ಇಡೋಕೆ ಒಂದು ಬೀರು ಕೊಟ್ಟರೆ ಪ್ರಪಂಚ ಮುಳುಗಲ್ಲ ಬುಡಪ್ಪ ಅಂತ ಸಮಾಧಾನ ಮಾಡಿದರು. ಆಗ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಸರಿ, ಒಳಗೆ ಇರಲಿ. ಆದರೆ ಅದು ಅವಳದು. ನಾನು ಅದಕ್ಕೆ ಕೈ ಹಾಕಲ್ಲ. ನನ್ನದು ಅಂತ ಒಂದು ಕರ್ಚೀಫೂ ಅದರೊಳಗೆ ಹೋಗಲ್ಲ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಆ ಮಾತನ್ನು ನಾನು ಚಾಚೂ ತಪ್ಪದೆ ನಡೆಸಿದೆ ನೋಡಿ. ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿದೆ. ನನ್ನ ಅಂಗಿ, ಪ್ಯಾಂಟು, ಪಂಚೆ ಎಲ್ಲ ಅದರ ಮೇಲೆ. ಗುತ್ತಲಿನಲ್ಲಿ ಸ್ವಂತ ಮನೆ ಕಟ್ಟಿಸಿದಾಗಲೂ ಮೇಸ್ತ್ರಿಗೆ ಹೇಳಿ ಎರಡು ಕೊಕ್ಕೆ ಹಾಕಿಸಿ ಹಗ್ಗ ಕಟ್ಟಿದೆ. ಅವಳು ಇಸ್ತ್ರಿ ಮಾಡಿದ ಅಂಗಿಯನ್ನು ತಂದು ಹಗ್ಗದ ಮೇಲೆ ಹಾಕುವಾಗ ಒಂದೊಂದು ಸಲ, "ಮೇಷ್ಟ್ರೇ, ಎಲ್ಲಾ ಮುದುರ್ಕೊಂಡೋಯ್ತದೆ" ಅನ್ನುತ್ತಿದ್ದಳು. ಮನೆಯಲ್ಲೂ ನನ್ನನ್ನು ಮೇಷ್ಟ್ರೇ ಅಂತಲೇ ಕರೆಯುತ್ತಿದ್ದಳು, ಅರ್ಧ ಗೌರವ, ಅರ್ಧ ತಮಾಷೆ. "ಮುದುರಲಿ ಬಿಡು" ಅನ್ನುತ್ತಿದ್ದೆ. ಸ್ಟಾಫ್‌ರೂಮಿನಲ್ಲಿ ಹೊಸಬರು ಯಾರೇ ಬರಲಿ, ಈ ಬೀರುವಿನ ಕತೆ ಹೇಳಿ ಎದೆ ಉಬ್ಬಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷದಲ್ಲಿ ಆ ಬಾಗಿಲು ತೆರೆದಿದ್ದಾಗ ಒಳಗೆ ಇಣುಕಿ ಕೂಡ ನೋಡಿದವನಲ್ಲ ನಾನು. ಅವಳಿಗೆ ನಾನು ಕೊಟ್ಟ ಮರ್ಯಾದೆ ಅದು ಎಂದು ನಂಬಿದ್ದೆ.

ಅವಳು ಹೋದ ಮೇಲೆ ಮನೆ ಒಣಗಿತು. ಮೊದಲು ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರು ಈಗ ಐದು ತಿಂಗಳಾದರೂ ಮುಗಿಯುವುದಿಲ್ಲ. ಅದನ್ನು ಅಲ್ಲಾಡಿಸಿ ನೋಡುವಾಗಲೆಲ್ಲ ಅಳು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ನಮಗೆ ಮಕ್ಕಳಿಲ್ಲ. ನಿವೃತ್ತಿಯಾದವನಿಗೆ ಬೆಳಗಾದರೆ ಹೋಗಬೇಕಾದ ಜಾಗವೂ ಇಲ್ಲ. ಒಂದು ಪಾವು ಅಕ್ಕಿ ಬೇಯಿಸಿಕೊಂಡು ಎರಡು ಹೊತ್ತು ಉಣ್ಣುತ್ತಿದ್ದೆ. ಊಟ ಮುಗಿಸಿ ಮಂಚದ ಮೇಲೆ ಒರಗಿದರೆ ಎದುರಿಗೆ ಅದೇ ಬೀರು. ಅದರ ಒಂದು ಬಾಗಿಲಿಗೆ ಕನ್ನಡಿ. ಕನ್ನಡಿಯ ಅಂಚಿಗೆ ಅವಳು ಹಣೆಯಿಂದ ತೆಗೆದು ಅಂಟಿಸಿದ ಹನ್ನೊಂದು ಸ್ಟಿಕ್ಕರು. ಅದರ ಮಧ್ಯೆ ನನ್ನ ಮುಖ.

ಪಕ್ಕದ ಮನೆಯಾಕೆ ಆಗಾಗ ಸಾರು ತಂದುಕೊಡುತ್ತಿದ್ದರು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಇದ್ದು ತೀರಿಕೊಂಡವರು, ಅವರಿಗೂ ಒಂಟಿತನ ಗೊತ್ತು. "ಬೀಗ ರಿಪೇರಿಯವ್ನ ಕರ್ಸಿ ಮೇಷ್ಟ್ರೇ, ಐದು ನಿಮಿಷದ ಕೆಲ್ಸ" ಅಂದರು. "ನನ್ನ ಬೀರು ಅಲ್ಲ ಕಣಮ್ಮ, ನಾನು ಹೆಂಗೆ ಒಡೆಸಲಿ?" ಅಂದೆ. ಅವರು ನನ್ನನ್ನು ಒಂದು ಥರಾ ನೋಡಿ ಪಾತ್ರೆ ತಗೊಂಡು ಹೋದರು.

ಬೀರುವಿನ ಬಾಗಿಲು ತೆಗೆಯಲಾರದವನು ಕೊನೆಗೆ ನಿಘಂಟು ತೆಗೆದೆ. ಒಂದು ಮಧ್ಯಾಹ್ನ, ಈ ಹಾಳು ಬೀರು ಅನ್ನೋ ಪದವಾದರೂ ಎಲ್ಲಿಂದ ಬಂತು ನೋಡೋಣ ಅನ್ನಿಸಿತು. ಎಳ್ಳು ಬೀರುವುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎನ್ನುವುದು ಗೊತ್ತಿತ್ತು. ಇಂಗ್ಲಿಷಿನ ಬ್ಯೂರೋ ಎನ್ನುವುದೂ ಗೊತ್ತಿತ್ತು. ಇಂಗ್ಲಿಷ್ ಮೇಷ್ಟ್ರಾಗಿ ಅದರಿಂದಾಚೆ ಯಾವತ್ತೂ ಹೋಗಿರಲಿಲ್ಲ, ಅಷ್ಟೆ. ಕಪಾಟಿನ ಹಳೆಯ ನಿಘಂಟುಗಳು, ಮೊಬೈಲು, ಕಾಲೇಜಿನ ಲೈಬ್ರರಿಯಿಂದ ಎರವಲು ತಂದ ಒಂದು ಫ್ರೆಂಚ್ ಪದಕೋಶ, ಇಷ್ಟನ್ನೂ ಮಂಚದ ಮೇಲೆ ಹರಡಿಕೊಂಡು ಕೂತೆ. ಸುಮಾರು ಒಂದೂವರೆ ತಿಂಗಳು ತಲೆಗೆ ಅದೇ ಹುಳ.

ಎಲ್ಲದಕ್ಕೂ ಮೊದಲು ಅದು ಉಣ್ಣೆ! ಲ್ಯಾಟಿನ್ನಿನಲ್ಲಿ ಬುರ್ರಾ ಅಂದರೆ ಒರಟು ಉಣ್ಣೆ, ಜೊಂಪೆ ಜೊಂಪೆಯಾದ ಕೂದಲು. ಅದರಿಂದ ಫ್ರೆಂಚರ ಬ್ಯೂರ್ ಎಂಬ ಬಟ್ಟೆ. ಮಾಸಲು ಕಂದು ಬಣ್ಣ, ಮೈಗೆ ಚುಚ್ಚುವಂಥದ್ದು, ಬಡವರೂ ಸನ್ಯಾಸಿಗಳೂ ಹೊದೆಯುತ್ತಿದ್ದದ್ದು. ನಮ್ಮ ಕಡೆಯ ಕುರಿಗಾಹಿಯ ಕಂಬಳಿ ನೆನೆಸಿಕೊಳ್ಳಿ, ಸಾಕು. ಪೋರ್ಚುಗಲ್ಲಿನ ಬೆಟ್ಟದ ಕುರಿಗಾಹಿಗಳ ಬಟ್ಟೆಗೆ ಇವತ್ತಿಗೂ ಬುರೆಲ್ ಅಂತಲೇ ಹೆಸರು. ಅಲ್ಲಿ ಪದ ಹುಟ್ಟಿದಲ್ಲೇ ಉಳಿದುಕೊಂಡಿದೆ. ಫ್ರಾನ್ಸಿನಲ್ಲಿ ಮಾತ್ರ ಅದಕ್ಕೆ ಕಾಲು ಬಂತು. ಬರೆಯುವ ಮೇಜಿನ ಮೇಲೆ ಈ ಬಟ್ಟೆಯನ್ನು ಹಾಸುತ್ತಿದ್ದರಂತೆ. ಹಾಸಿದ ಬಟ್ಟೆ ಬ್ಯೂರೋ ಆಯಿತು. ಆಮೇಲೆ ಬಟ್ಟೆಯ ಕೆಳಗಿನ ಮೇಜೇ ಬ್ಯೂರೋ, ಮೇಜಿರುವ ಕೋಣೆಯೂ ಬ್ಯೂರೋ, ಕೋಣೆಯಲ್ಲಿ ಕೂತು ಜನರನ್ನು ನಾಳೆ ಬನ್ನಿ ಅನ್ನುವ ಕಚೇರಿಯೂ ಬ್ಯೂರೋ. ತಾಲ್ಲೂಕು ಕಚೇರಿಗೆ ಅಲೆದವನಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಫ್ರಾನ್ಸ್ ದಾಟಿದ ಮೇಲೆ ಒಂದೊಂದು ದೇಶದಲ್ಲಿ ಒಂದೊಂದು ವೇಷ. ಇಂಗ್ಲೆಂಡಿನಲ್ಲಿ ಅದು ಇಳಿಜಾರು ಮುಚ್ಚಳದ ಬರೆಯುವ ಮೇಜು. ಅದೇ ಇಂಗ್ಲಿಷ್ ಹಡಗು ಹತ್ತಿ ಅಮೆರಿಕಕ್ಕೆ ಹೋದರೆ ಬಟ್ಟೆ ಇಡುವ ಡ್ರಾಯರುಗಳ ಪೆಟ್ಟಿಗೆ. ಜರ್ಮನ್ನರಿಗೆ ಬ್ಯೂರೋ ಅಂದರೆ ಆಫೀಸು, ಬೇರೆ ಮಾತೇ ಇಲ್ಲ. ಸ್ಪೇನಿನವರ ಬುರೋ ಬರೆಯುವ ಮೇಜು, ಅದೇ ಭಾಷೆಯ ಮೆಕ್ಸಿಕೊದಲ್ಲಿ ಮಂಚದ ಪಕ್ಕ ನೀರಿನ ಲೋಟ ಇಡುವ ಪುಟ್ಟ ಸ್ಟೂಲಿನಂಥದ್ದು. ರಷ್ಯನ್ನರು ಮೇಜಿಗೂ ಕಚೇರಿಗೂ ಅದನ್ನೇ ಅಂದರು. ಸ್ವೀಡನ್ನಿನವರು ಕಚೇರಿಯನ್ನೂ ಬಟ್ಟೆ ಇಡುವ ಡ್ರಾಯರನ್ನೂ ಒಂದೇ ಪದದಲ್ಲಿ ತುಂಬಿದರು, ಅದನ್ನು ಹೇಳುವ ರೀತಿಯೂ ನಮ್ಮ ಬೀರುವಿಗೆ ಸುಮಾರಾಗಿ ಹತ್ತಿರ. ಸ್ವೀಡನ್ನಿನ ಯಾವನೋ ಮನುಷ್ಯ ನನ್ನ ಹಾಗೇ ಒಬ್ಬನೇ ಕೂತು ಅದನ್ನು ನೋಡುತ್ತಿದ್ದಾನೇನೋ ಎಂದು ಒಂದು ಮಧ್ಯಾಹ್ನ ಅನ್ನಿಸಿತು.

ನಮ್ಮಲ್ಲಿಗೆ ಯಾವ ದಾರಿ ಹಿಡಿದು ಬಂತೋ ಖಚಿತವಾಗಿ ಗೊತ್ತಾಗಲಿಲ್ಲ. ಇಂಗ್ಲಿಷರ ಬಂಗಲೆಯಿಂದ ಬಂದಿರಬಹುದು, ಪಾಂಡಿಚೇರಿಯ ಫ್ರೆಂಚರಿಂದ ತಮಿಳಿಗೆ ಬಂದು ಅಲ್ಲಿಂದ ಘಟ್ಟ ಹತ್ತಿ ಬಂದಿರುವುದೂ ಸಾಧ್ಯ. ತೆಲುಗರೂ ಬೀರುವಾ ಅನ್ನುತ್ತಾರೆ. ಅದೇ ಅರ್ಥದ ಅಲಮಾರು ಎಂಬ ಪದ ಬೇರೆ ದಾರಿಯದು, ಪೋರ್ಚುಗೀಸರ ಸಾಮಾನು. ಅದರ ಬೇರು ಹಿಡಿದು ಹೋದರೆ ಲ್ಯಾಟಿನ್ನಿನ ಆಯುಧ ಸಿಗುತ್ತದೆ, ಕತ್ತಿ ಗುರಾಣಿ ಇಡುವ ಜಾಗವಂತೆ. ನನ್ನ ಮನಸ್ಸು ಮಾತ್ರ ಬೀರುವಿನಲ್ಲೇ ಇತ್ತು. ಕಂಬಳಿಯಿಂದ ಹೊರಟ ಪದ ಮೇಜು, ಕೋಣೆ, ಕಚೇರಿ, ಸರ್ಕಾರ ಎಲ್ಲ ಸುತ್ತಿ, ಮಂಡ್ಯದ ಹೆಂಗಸರ ಕೈಯಲ್ಲಿ ಮತ್ತೆ ಬಟ್ಟೆಗೇ ಬಂದು ಸೇರಿತ್ತು. ಇದನ್ನು ಕಂಡುಹಿಡಿದ ದಿನ ನನಗೆ ಎಂಥಾ ಖುಷಿಯಾಯಿತೆಂದರೆ, "ಲೇ, ಇಲ್ಲಿ ಬಾರೇ!" ಎಂದು ಕೂಗಿಯೇಬಿಟ್ಟೆ. ಕೂಗಿದ ಮೇಲೆ ನೆನಪಾಯಿತು.

ಜರ್ಮನ್ ಭಾಷೆಯಲ್ಲಿ ಫುಂಡ್‌ಬ್ಯೂರೋ ಅಂತ ಒಂದಿದೆ. ಬಸ್ಸಿನಲ್ಲೋ ರೈಲಿನಲ್ಲೋ ಜನ ಕಳೆದುಕೊಂಡದ್ದು ಸಿಕ್ಕರೆ ತಂದು ಇಡುವ ಕಚೇರಿ. ಕಳೆದುಕೊಂಡವರು ಹೋಗಿ, ಇದು ನನ್ನದು ಎಂದು ಕೇಳಬೇಕು. ಕೇಳದಿದ್ದರೆ ಅವರೇನೂ ಮನೆಗೆ ತಂದುಕೊಡುವುದಿಲ್ಲ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಆ ದಿನ ಮತ್ತೆ ಏನನ್ನೂ ಓದಲಾಗಲಿಲ್ಲ.

ಹೇಳಿಕೊಳ್ಳಲು ಯಾರಾದರೂ ಬೇಕಲ್ಲ. ಪಕ್ಕದ ಮನೆಯಾಕೆ ಬಸ್ಸಾರು ತಂದಾಗ ಅವರನ್ನೇ ಹಿಡಿದು ನಿಲ್ಲಿಸಿಕೊಂಡು ಲ್ಯಾಟಿನ್ನಿನಿಂದ ಶುರುಮಾಡಿ ಸ್ವೀಡನ್ನಿನವರೆಗೂ ಪಾಠ ಮಾಡಿದೆ. ಪಾಪ, ಸೆರಗಿನಿಂದ ಬಿಸಿ ಪಾತ್ರೆ ಹಿಡಿದುಕೊಂಡೇ ಪೂರ್ತಿ ಕೇಳಿದರು. ಕೊನೆಗೆ ಅಂದರು:

"ಅದೆಲ್ಲಾ ಸರಿ ಮೇಷ್ಟ್ರೇ. ಒಳಗೇನೈತೆ?"

"ಗೊತ್ತಿಲ್ಲ ಕಣಮ್ಮ" ಅಂದೆ.

ಆ ಮಾತು ನನ್ನ ಬಾಯಿಂದಲೇ ಹೊರಗೆ ಬಂದು ನನ್ನ ಕೆನ್ನೆಗೇ ಬಾರಿಸಿತು. ಎಂಟು ದೇಶದವರ ಬೀರುವಿನಲ್ಲಿ ಏನಿದೆಯೆಂದು ಹೇಳಬಲ್ಲೆ. ಹೆಂಡತಿಯ ಬೀರುವಿನಲ್ಲಿ ಏನಿದೆಯೆಂದು ಗೊತ್ತಿಲ್ಲ. ಮಾರನೆಯ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹೊರಟೆ.

ಮಂಡ್ಯದಿಂದ ಮಳವಳ್ಳಿಗೆ ನೆಟ್ಟಗೆ ಬಸ್ಸಿದೆ. ನಾನು ಮೂವತ್ತು ವರ್ಷದ ಅಭ್ಯಾಸದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಟಿಕೆಟ್ ತಗೊಂಡು ಮದ್ದೂರಿನಲ್ಲಿ ಇಳಿದಿದ್ದೆ. ಇಳಿದ ಮೇಲೆ ಬುದ್ಧಿ ಬಂತು. ಬಂದದ್ದು ಬಂದೆ ಎಂದು ನಾಲ್ಕು ವಡೆ ಕಟ್ಟಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಲಾರಿಗಳು, ಅವುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ನಾದಿನಿಗೆ ಏನೆಂದು ಕೇಳುವುದು? ನಿನ್ನ ಅಕ್ಕನಿಗೆ ನನ್ನ ಮೇಲೆ ಯಾಕೆ ನಂಬಿಕೆ ಇರಲಿಲ್ಲ ಅಂತಲೇ? ಪಾಠ ಒಪ್ಪಿಸುವ ಹುಡುಗನ ಹಾಗೆ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ.

ನಾದಿನಿ ಮಳವಳ್ಳಿಯಲ್ಲಿ ಅಂಗನವಾಡಿ ಟೀಚರು. ಮಕ್ಕಳನ್ನು ಕಳಿಸಿ ಆಗಷ್ಟೇ ಮನೆಗೆ ಬಂದಿದ್ದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

"ಬನ್ನಿ ಬಾವ. ಕೂತ್ಕಳಿ. ಉಂಡ್ರಾ?"

"ಉಣ್ಣೋಕೆ ಬಂದಿಲ್ಲ ಕಣಮ್ಮ. ಬೀರು ಬೀಗದ ಕೈ ಕೇಳೋಕೆ ಬಂದೆ" ಅಂದೆ. ಹತ್ತು ಸಲ ಹೇಳಿಕೊಂಡದ್ದೆಲ್ಲ ಮರೆತುಹೋಗಿ ಅಷ್ಟೇ ಬಾಯಿಗೆ ಬಂತು.

ಅವಳು ಒಳಗೆ ಹೋಗಿ, ದೇವರ ಗೂಡಿನಿಂದ ಬೀಗದ ಕೈ ತಂದು ನನ್ನ ಅಂಗೈಯಲ್ಲಿ ಇಟ್ಟಳು. ಎದುರಿಗೆ ನೆಲದ ಮೇಲೆ ಕೂತಳು. ಕಣ್ಣು ತುಂಬಿತ್ತು.

"ಅದ್ನಾಲ್ಕು ತಿಂಗ್ಳು ಬೇಕಾಯ್ತಾ ಬಾವ ನಿಮ್ಗೆ?" ಅಂದಳು. "ಅವತ್ತು ಅಕ್ಕ ಏನಂದ್ಲು ಗೊತ್ತಾ? 'ಅವ್ರು ಬಾಯ್ಬುಟ್ಟು ಕೇಳಿದ್ರೆ ಕೊಡು. ಕೇಳ್ದೆ ಇದ್ರೆ ನೀನಾಗೆ ಕೊಡಕ್ಕೆ ಓಗ್ಬೇಡ, ಬ್ಯಾಡ ಅಂದೋರ್ಗೆ ಕೊಟ್ಟು ಇನ್ನೊಂದ್ಸಲ ಅನ್ನಿಸ್ಕಳಾದು ಬ್ಯಾಡ' ಅಂದ್ಲು. ಅದ್ಕೇ ನಾನು ಪ್ರತಿ ಸಲಾನೂ ಕೇಳ್ತಿದ್ದೆ, ಏನಾರ ಕೇಳ್ಬೇಕಾ ಬಾವ ಅಂತ."

ಕೊನೆಗೆ ಕೇಳಿದೆ: "ನನ್ನ ಮೇಲೆ ನಂಬಿಕೆ ಇರಲಿಲ್ಲವಾ ಅವಳಿಗೆ?"

"ಅಯ್ಯೋ, ಏನ್ ಮೇಷ್ಟ್ರು ಬಾವ ನೀವು!" ಅಂದಳು, ಸಿಟ್ಟು ಬಂದಿತ್ತು ಅವಳಿಗೆ. "ಟೆಂಪೊ ಬಂದ ದಿನ ನೀವು ಬೀದೀಲಿ ಕೂಗಾಡಿದ್ ಮೇಲೆ ನಾನೂ ಅಕ್ಕಾನೂ ಒಳಗೆ ಬೀರುಗೆ ಸೀರೆ ಜೋಡಿಸ್ತಿದ್ವಿ. ಅಕ್ಕ ಅಳ್ತಾನೇ ಜೋಡಿಸ್ತಿದ್ಲು. ಮೂರ್ನೇ ಖಾನೆಗೆ ನಾನು ಸೀರೆ ಇಡಕ್ಕೋದ್ರೆ ಕೈ ಇಡ್ಕೊಂಡ್ಲು. 'ಅದು ಅವ್ರ್ದು, ಬುಡು. ಇವತ್ತು ಕೋಪದಲ್ಲವ್ರೆ. ನಾಳೆ ನಾಳಿದ್ದು ಅವ್ರೇ ಬಂದು, ಲೇ, ನನ್ನ ಅಂಗಿಗೊಂಚೂರು ಜಾಗ ಕೊಡೇ ಅಂತಾರೆ, ನೋಡ್ತಿರು' ಅಂದ್ಲು."

ನಾನು ವರದಕ್ಷಿಣೆ ಬೇಡ ಅಂದದ್ದು ಸರಿ. ಅದನ್ನು ಈಗಲೂ ಸರಿಯೆಂದೇ ಹೇಳುತ್ತೇನೆ. ಆದರೆ ಒಂದು ಬೆಳಿಗ್ಗೆಯ ಕೋಪವನ್ನು ಇಪ್ಪತ್ತೊಂಬತ್ತು ವರ್ಷ ಇಸ್ತ್ರಿ ಮಾಡಿ ಹಾಕಿಕೊಂಡು ತಿರುಗಿದೆನಲ್ಲ, ಅದಕ್ಕೇನು ಹೇಳಲಿ? ನಾನು ಮರ್ಯಾದೆ ಎಂದುಕೊಂಡದ್ದನ್ನು ಅವಳು ದಿನವೂ ಬೇಡ, ಬೇಡ ಎಂದೇ ಕೇಳಿಸಿಕೊಂಡಿದ್ದಳು.

ನಾದಿನಿ ಊಟ ಬಡಿಸಿದಳು. ನಾನು ತಂದ ವಡೆಯನ್ನೂ ಬಡಿಸಿದಳು. ಜೊತೆಗೆ ಬರಲಾ ಬಾವ ಎಂದಳು. ಬೇಡ ಕಣಮ್ಮ, ನಾನೊಬ್ಬನೇ ಹೋಗಬೇಕು ಎಂದೆ. ಈ ಸಲ ಮಂಡ್ಯದ ನೇರ ಬಸ್ಸನ್ನೇ ಹತ್ತಿದೆ. ಬೀಗದ ಕೈಯನ್ನು ಜೇಬಿಗೆ ಹಾಕಲು ಮನಸ್ಸಾಗದೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬೀರುವಿನ ಹಿಡಿ ಬಿಗಿಯಾಗಿತ್ತು, ಎರಡೂ ಕೈ ಹಾಕಿ ತಿರುಗಿಸಿದೆ. ನುಸಿಗುಳಿಗೆಯ ವಾಸನೆ ಮೊದಲು ಬಂತು, ಅದರ ಹಿಂದೆ ಅವಳ ವಾಸನೆ. ಮೇಲಿನ ಎರಡು ಖಾನೆಯಲ್ಲಿ ಸೀರೆಗಳು, ಒತ್ತಿ ಒತ್ತಿ ತುಂಬಿದ್ದವು. ಕೆಳಗಿನದರಲ್ಲಿ ಬೆಡ್‌ಶೀಟು, ಟವೆಲ್ಲು, ಮಾವನ ಫೋಟೊ, ಕಾಗದ ಪತ್ರ, ಎಲ್ಲ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು. ಬಾಗಿಲು ತೆಗೆದದ್ದೇ ಒಂದು ಲಂಗದ ಗಂಟು ಜಾರಿ ನೆಲಕ್ಕೆ ಬಿತ್ತು. ಜಾಗ ಸಾಲದೆ ಒದ್ದಾಡಿದ್ದಳು.

ಮಧ್ಯದ ಮೂರನೇ ಖಾನೆಯಲ್ಲಿ ಏನೂ ಇರಲಿಲ್ಲ. ನ್ಯೂಸ್‌ಪೇಪರ್ ಹಾಸಿತ್ತು, ಅಷ್ಟೆ. ತಾರೀಕು ನೋಡಿದೆ. ಅವಳು ಆಸ್ಪತ್ರೆ ಸೇರುವ ಎರಡು ತಿಂಗಳು ಮುಂಚಿನ ಯುಗಾದಿಯ ಪೇಪರು. ಪ್ರತಿ ಯುಗಾದಿಗೂ ಬೀರು ಒರೆಸಿ ಹೊಸ ಪೇಪರು ಹಾಸುವುದು ಅವಳ ಪದ್ಧತಿ, ಅದು ನನಗೆ ಗೊತ್ತಿತ್ತು. ಖಾಲಿ ಖಾನೆಗೂ ಹಾಸುತ್ತಿದ್ದಳೆಂದು ಗೊತ್ತಿರಲಿಲ್ಲ.

ಹಗ್ಗದಿಂದ ಒಂದು ಅಂಗಿ ತೆಗೆದೆ. ಮಂಚದ ಮೇಲೆ ಹಾಕಿ ನನಗೆ ಬಂದ ಹಾಗೆ ಮಡಿಸಿದೆ, ತೋಳು ಒಳಗೆ ಸೇರಲಿಲ್ಲ, ಮತ್ತೆ ಬಿಚ್ಚಿ ಮಡಿಸಿದೆ. ಎರಡು ಕೈಯಲ್ಲೂ ಹಿಡಿದುಕೊಂಡು ಬೀರುವಿನ ಮುಂದೆ ನಿಂತೆ. ಹಾಗೇ ಇಟ್ಟುಬಿಡಲು ಆಗಲಿಲ್ಲ.

"ಲೇ, ನನ್ನ ಅಂಗಿಗೆ ಒಂಚೂರು ಜಾಗ ಕೊಡ್ತೀಯೇನೇ?" ಎಂದು ಕೇಳಿದೆ. ಮಾತು ಸರಿಯಾಗಿ ಬರಲಿಲ್ಲ. ಅದಕ್ಕೇ ಇನ್ನೊಂದು ಸಲ, ಜೋರಾಗಿ ಕೇಳಿದೆ.

ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆಗೆ ಕೇಳಿಸಿರಬೇಕು. ಕಿಟಕಿಯ ಹತ್ತಿರ ಬಂದು, "ಯಾರ್ ಬಂದವ್ರೆ ಮೇಷ್ಟ್ರೇ?" ಅಂದರು.

"ಯಾರೂ ಇಲ್ಲ ಕಣಮ್ಮ" ಅಂದೆ.